ಜನವರಿಯ ಫೋಟೋ ನೋಡಿ ನಾಯಿ ತರಬೇಡಿ

ಕಳೆದ ನವೆಂಬರ್‌ನಲ್ಲಿ ಸಂಘದ ರಾಜ್ಯೋತ್ಸವ ಕಾರ್ಯಕ್ರಮ ಮುಗಿಸಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿರಿಯ ಸದಸ್ಯರೊಬ್ಬರು ಮೊಬೈಲ್ ಹಿಡಿದು ಹತ್ತಿರ ಬಂದರು. ಅದರಲ್ಲಿ ನಮ್ಮ ಮನೆಯ ಎರಡು ನಾಯಿಗಳ ಫೋಟೋ ಇತ್ತು. ಹಿಂದಿನ ಜನವರಿಯಲ್ಲಿ ಮಂಜು ಸರಿದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ನಾನೇ ತೆಗೆದು ಗ್ರೂಪಿಗೆ ಹಾಕಿದ್ದು. "ಇವು ಎಲ್ಲಿ ಸಿಗುತ್ತವೆ ಸರ್? ಮೊಮ್ಮಕ್ಕಳು ಹಟ ಹಿಡಿದಿದ್ದಾರೆ" ಎಂದರು. ತಟ್ಟೆ ಕೈಯಲ್ಲಿತ್ತು, ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಇನ್ನೂ ಮೂವರು ಫೋನ್ ಮಾಡಿ ಅದನ್ನೇ ಕೇಳಿದರು. ನಾಲ್ವರಿಗೂ ಸೇರಿ ಇಲ್ಲಿಯೇ ಉತ್ತರಿಸುತ್ತೇನೆ: ದಯವಿಟ್ಟು ತರಬೇಡಿ.

ಎರಡು ಬಾರ್ಡರ್ ಕೋಲಿಗಳನ್ನು ಸಾಕಿಕೊಂಡವನು ಇನ್ನೊಬ್ಬರಿಗೆ ಬೇಡ ಎನ್ನುವುದು ವಿಚಿತ್ರವಾಗಿ ಕಾಣಬಹುದು. 2020ರ ಲಾಕ್‌ಡೌನ್ ಸಮಯದಲ್ಲಿ ನಮ್ಮ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಬೇಸರ ಕಳೆಯಲು ಒಂದು ಮರಿ ತರಲು ಹೋಗಿ, ಮಾರುವವನ ಮಾತು ಕೇಳಿ ಜೋಡಿ ತಂದ. 2022ರಲ್ಲಿ ಮಗ, ಸೊಸೆ ಕೆನಡಾಕ್ಕೆ ಹೋದರು. ನಾಯಿಗಳು ಮಯೂರ್ ವಿಹಾರದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಉಳಿದವು. ಅವನು ಇಟ್ಟ ಹೆಸರು ಓರಿಯೋ, ಮೋಚಾ. ನನ್ನ ಶ್ರೀಮತಿಯ ಬಾಯಲ್ಲಿ ಅವು ಕರಿಯ, ಕೆಂಚ. ಎರಡು ಹೆಸರಿಗೂ ಓಗೊಡುತ್ತವೆ.

ದೆಹಲಿಯ ಚಳಿಗಾಲ ಒಂದೇ ಬಗೆಯದ್ದಲ್ಲ ಎಂಬುದನ್ನು ಇಲ್ಲಿ ಮೂವತ್ತು ವರ್ಷ ನೌಕರಿ ಮಾಡಿಯೂ ನಾನು ತಿಳಿದಿರಲಿಲ್ಲ. ತಿಳಿಸಿದ್ದು ಈ ನಾಯಿಗಳು. ನವೆಂಬರ್ ಹೊಗೆಯ ತಿಂಗಳು. ವಾಯು ಗುಣಮಟ್ಟದ ಸೂಚ್ಯಂಕ 400 ದಾಟಿ 'ತೀವ್ರ' ಎಂದಾದ ದಿನ ನಾವು ಮಾಸ್ಕ್ ಹಾಕಿಕೊಳ್ಳುತ್ತೇವೆ, ನಾಯಿಗೆ ಯಾವ ಮಾಸ್ಕ್? ಅಂಥ ದಿನ ವಾಯುವಿಹಾರ ಬಂದ್. ಕಾಲಾಡದಿದ್ದರೆ ಇವು ಸೋಫಾದ ಅಂಚು ಕಡಿಯುತ್ತವೆ. ಅದಕ್ಕೆ ಶ್ರೀಮತಿ ಒಂದು ಉಪಾಯ ಕಂಡುಹಿಡಿದಿದ್ದಾರೆ. ಒಣಗಿದ ಜೋಳದ ರೊಟ್ಟಿಯ ಚೂರುಗಳನ್ನು ಪಾತ್ರೆಗಳ ಕೆಳಗೆ, ದಿಂಬಿನ ಸಂದಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಚ್ಚಿಟ್ಟು "ಹುಡುಕು" ಎನ್ನುತ್ತಾರೆ. ಅರ್ಧ ಗಂಟೆ ಮನೆ ಶಾಂತ.

ಡಿಸೆಂಬರ್ ನಡುವಿನಿಂದ ಮಂಜು. ಯಮುನೆಯ ಕಡೆಯಿಂದ ಅದು ಹಬ್ಬಿಕೊಂಡು ಬಂದರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ. ಕರಿಯನ ಕೊರಳ ಬಿಳಿ ಪಟ್ಟಿ ಮಾತ್ರ ತೇಲುತ್ತಿರುತ್ತದೆ, ಕೆಂಚನಂತೂ ಮಾಯ. ಊರಿನಿಂದ ತಂದ ಎತ್ತಿನ ಸಣ್ಣ ಗೆಜ್ಜೆಯನ್ನು ಅವನ ಕೊರಳಿಗೆ ಕಟ್ಟಿದ್ದೇವೆ. ನಾವು ಮಂಕಿ ಟೋಪಿ, ಎರಡೆರಡು ಸ್ವೆಟರ್ ಹಾಕಿಕೊಂಡು ನಡುಗುವಾಗ ಇವು ಬಾಲ್ಕನಿಯ ತಣ್ಣನೆಯ ಟೈಲ್ಸಿನ ಮೇಲೆ ಹೊಟ್ಟೆ ಚೆಲ್ಲಿ ಮಲಗುತ್ತವೆ. ಮೈಮೇಲೆ ಎರಡು ಪದರ ಕೂದಲಿದೆ, ಮೇಲಿನದು ಒರಟು, ಒಳಗಿನದು ಹತ್ತಿಯಂತೆ ದಟ್ಟ. ಪಕ್ಕದ ಮನೆಯವರು ಪ್ರೀತಿಯಿಂದ ಸ್ವೆಟರ್ ಹೆಣೆದು ಕೊಟ್ಟರು. ಹತ್ತು ನಿಮಿಷದಲ್ಲಿ ಒಂದರದನ್ನು ಇನ್ನೊಂದು ಬಿಚ್ಚಿ ಹಾಕಿತು. 2021ರ ಜನವರಿ 1ರಂದು ಸಫ್ದರ್‌ಜಂಗ್‌ನಲ್ಲಿ ಉಷ್ಣತೆ 1.1 ಡಿಗ್ರಿಗೆ ಇಳಿದಿತ್ತು. ಅಂದು ಮರಿಗಳಾಗಿದ್ದ ಇವು ತಾರಸಿಯ ಮೇಲೆ ಹುಚ್ಚೆದ್ದು ಓಡಿದ್ದನ್ನು ನೋಡಿ ನನಗೂ ಚಳಿ ಮರೆತುಹೋಗಿತ್ತು.

ಇವಕ್ಕೆ ತೊಂದರೆ ಕೊಡುವುದು ಒದ್ದೆ. ಜನವರಿಯಲ್ಲಿ ಪಶ್ಚಿಮದಿಂದ ಬರುವ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎರಡು ದಿನ ಜಿಟಿಜಿಟಿ ಮಳೆ ಸುರಿಸಿ ಹೋಗುತ್ತದೆ. ಅದರ ಹಿಂದೆಯೇ ಆಕಾಶ ತಿಳಿಯಾಗಿ ವಾಯವ್ಯದ ಗಾಳಿ ಕೊರೆಯುತ್ತದೆ. ಒಳಪದರದ ಕೂದಲು ನೆನೆದರೆ ಬೇಗ ಒಣಗುವುದಿಲ್ಲ, ಹಾಗೇ ಬಿಟ್ಟರೆ ಚರ್ಮದ ರೋಗ. ಹಳೆಯ ಟವೆಲ್ಲುಗಳು, ಹೇರ್ ಡ್ರೈಯರ್, ಎರಡು ನಾಯಿಗೆ ಒಂದು ಗಂಟೆ, ದಿನಕ್ಕೆ ಎರಡು ಸಲ. ಅರವತ್ತೆಂಟರ ಮಂಡಿಯ ಮೇಲೆ ಕುಳಿತು ಮಾಡುವ ಕೆಲಸ ಇದು.

ಹೀಗೆ ಹೇಳುತ್ತಿದ್ದರೂ ಈ ಹತ್ತು ಹನ್ನೆರಡು ವಾರ ಇವುಗಳ ಹಬ್ಬವೇ ಸರಿ. ಮೈ ಹೊಳೆಯುತ್ತದೆ, ಕಣ್ಣು ಮಿಂಚುತ್ತದೆ. ಆ ಫೋಟೋದಲ್ಲಿ ನೀವು ನೋಡಿದ್ದು ಅದನ್ನೇ.

ಈ ತಳಿ ಹುಟ್ಟಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್ ನಡುವಿನ ಗಡಿಯ ಗುಡ್ಡಗಳಲ್ಲಿ. ಹೆಸರಿನ 'ಬಾರ್ಡರ್' ಆ ಗಡಿಯೇ. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಆಡಮ್ ಟೆಲ್ಫರ್ ಎಂಬವರ ಬಳಿ ಹುಟ್ಟಿದ 'ಓಲ್ಡ್ ಹೆಂಪ್' ಎಂಬ ನಾಯಿಯನ್ನು ಇವುಗಳ ಮೂಲಪುರುಷ ಎನ್ನುತ್ತಾರೆ. ಗಾಳಿ, ಮಂಜು, ಮಳೆಯಲ್ಲಿ ದಿನವಿಡೀ ಓಡಿ, ಬೊಗಳದೆ, ಬರೀ ದಿಟ್ಟ ನೋಟದಿಂದ ಕುರಿಗಳನ್ನು ತಿರುಗಿಸುವುದು ಇವುಗಳ ಕಸುಬು. ನಮ್ಮ ಬಾಗಲಕೋಟೆ ಕಡೆ ಕುರುಬರು ಮಂದೆ ಕಟ್ಟಿಕೊಂಡು ಊರೂರು ಅಲೆಯುವಾಗ ಜೊತೆಗೆ ನಾಯಿ ಇರುತ್ತದೆ. ಆದರೆ ಅದರ ಮುಖ್ಯ ಕೆಲಸ ತೋಳ ಬಾರದಂತೆ ಕಾಯುವುದು. ಕುರಿ ತಿರುಗಿಸುವುದು ಕುರುಬನ ಕೂಗು, ಕೋಲಿನ ಕೆಲಸ. ಈ ವಿದೇಶಿ ನಾಯಿಗೆ ಆ ಕೆಲಸವೇ ರಕ್ತದಲ್ಲಿದೆ. ಬುದ್ಧಿಯೂ ಅಷ್ಟೇ. ಅಮೆರಿಕದ 'ಚೇಸರ್' ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತು.

ಇಂಥ ಪ್ರಾಣಿಗೆ ನಾವು ಕೊಟ್ಟಿರುವುದೇನು? ಕುರಿ ಇಲ್ಲ, ಗುಡ್ಡ ಇಲ್ಲ. ಪಾರ್ಕಿನಲ್ಲಿ ಓಡುವ ಮಕ್ಕಳನ್ನೇ ಕುರಿಯೆಂದು ತಿಳಿದು ಕೆಂಚ ಸುತ್ತುಹಾಕಿ ಒಟ್ಟುಗೂಡಿಸಲು ಹೋದ. ಒಂದು ಮಗು ಹೆದರಿ ಬಿದ್ದು ಮೊಣಕೈ ತರಚಿಕೊಂಡಿತು. ತಾಯಿ ಬೈದರು. ಅವರು ಬೈದದ್ದು ಸರಿಯೇ ಇತ್ತು. ಅಂದಿನಿಂದ ಹಗ್ಗ ಬಿಚ್ಚಿಲ್ಲ.

ಫೆಬ್ರವರಿಯಲ್ಲಿ ಬಿಸಿಲು ಬಲಿತಂತೆ ಕೂದಲು ಉದುರತೊಡಗುತ್ತದೆ, ಚಪಾತಿ ಹಿಟ್ಟಿನಲ್ಲೂ ಕೂದಲು. ಏಪ್ರಿಲ್ ಬಂತೆಂದರೆ ಇವುಗಳ ಜೈಲು ಶುರು. 2024ರ ಮೇ ಕೊನೆಯಲ್ಲಿ ಸಫ್ದರ್‌ಜಂಗ್‌ನಲ್ಲಿಯೇ 46 ಡಿಗ್ರಿ ದಾಟಿತ್ತು. ನಾಯಿ ನಮ್ಮಂತೆ ಬೆವರುವುದಿಲ್ಲ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಹೊರಗೆ. ಉಳಿದ ಹೊತ್ತು ಏಸಿ ಇರುವ ಒಂದೇ ಕೋಣೆಯಲ್ಲಿ ನಾವು ನಾಲ್ವರು. ಕರೆಂಟ್ ಹೋದರೆ ಒದ್ದೆ ಬಟ್ಟೆ, ಬೀಸಣಿಗೆ.

2023ರ ಮೇ ತಿಂಗಳಲ್ಲಿ ಒಂದು ದಿನ ನಾನು ಏಳಲು ತಡ ಮಾಡಿದೆ. ಏಳು ಗಂಟೆ, ಇನ್ನೂ ಬಿಸಿಲು ಏರಿಲ್ಲ ಎಂದುಕೊಂಡು ತಾರಸಿಯಲ್ಲಿ ಚೆಂಡು ಎಸೆದೆ. ಹತ್ತು ನಿಮಿಷವೂ ಆಗಿರಲಿಲ್ಲ. ಕರಿಯನ ಹಿಂಗಾಲು ಕುಡಿದವನಂತೆ ತೂರಾಡಿದವು, ಕಣ್ಣು ಎಲ್ಲೋ ನೆಟ್ಟಿತು, ಕುಸಿದ. ಆಗಲೂ ಬಾಯಲ್ಲಿ ಚೆಂಡು ಹಿಡಿದಿದ್ದ. ನೀರು ಸುರಿದು, ಫ್ಯಾನಿನ ಕೆಳಗೆ ಮಲಗಿಸಿ, ಡಾಕ್ಟರ ಬಳಿ ಒಯ್ಯುವಷ್ಟರಲ್ಲಿ ಚೇತರಿಸಿಕೊಂಡ. ಇದು ಈ ತಳಿಯಲ್ಲಿ ಇರುವುದೇ, 'ಬಾರ್ಡರ್ ಕೋಲಿ ಕೊಲ್ಯಾಪ್ಸ್' ಎಂದೇ ಹೆಸರಿದೆ, ಸೆಕೆಯಲ್ಲಿ ಓಡಿಸಿದರೆ ಆಗುತ್ತದೆ ಎಂದು ಡಾಕ್ಟರು ತಿಳಿಸಿದರು. ಸಾಕು ಎಂದು ಹೇಳಲು ಅವಕ್ಕೆ ಬರುವುದಿಲ್ಲ. ಎಸೆದವನು ನಾನು, ನಿಲ್ಲಿಸಬೇಕಾದವನೂ ನಾನೇ.

ಈಗಾಗಲೇ ಕೋಲಿ ಸಾಕಿರುವವರಿಗೆ ಎರಡು ಮಾತು. ಸೆಕೆಯೆಂದು ಕೂದಲು ಬೋಳಿಸಬೇಡಿ, ಆ ಪದರ ಬಿಸಿಲನ್ನೂ ತಡೆಯುತ್ತದೆ. ಉಣ್ಣೆ, ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಕೋಲಿ ಬಳಗದ ಕೆಲವು ನಾಯಿಗಳಿಗೆ ವಿಷವಾಗುತ್ತದೆ. ಬಾರ್ಡರ್ ಕೋಲಿಯಲ್ಲಿ ಇದು ಅಪರೂಪವಾದರೂ ಇಲ್ಲವೆನ್ನುವಂತಿಲ್ಲ. ಚುಚ್ಚುಮದ್ದಿಗೆ ಮೊದಲು ಡಾಕ್ಟರಿಗೆ ತಳಿಯ ಹೆಸರು ಹೇಳಿ.

ಊರ ಅಭಿಮಾನದಿಂದ ಮುಧೋಳ ನಾಯಿ ತರೋಣವೇ ಎಂದು ಒಬ್ಬರು ಕೇಳಿದರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು, ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಅದೂ ಬಯಲಿನಲ್ಲಿ ಬೇಟೆಗೆ ಓಡುವ ನಾಯಿ, ಮೂರನೆಯ ಮಹಡಿಯದ್ದಲ್ಲ. ಮಕ್ಕಳಿಗೆ ನಾಯಿ ಬೇಕೇ ಬೇಕೆಂದರೆ ನಿಮ್ಮ ಗೇಟಿನ ಬಳಿಯೇ ಒಂದು ಇರುತ್ತದೆ. ನಮ್ಮಲ್ಲಿ ಕಾವಲುಗಾರನ ಕ್ಯಾಬಿನ್ನಿನ ಅಡಿ ಒಂದು ಕಂದು ಬಣ್ಣದ ಹೆಣ್ಣುನಾಯಿ ಇದೆ. ಮೇ ತಿಂಗಳಲ್ಲಿ ಯಾವ ಕಾರಿನ ಕೆಳಗೆ ಎಷ್ಟು ಹೊತ್ತಿಗೆ ನೆರಳು ಎಂಬುದು ಅದಕ್ಕೆ ಗೊತ್ತು. ಚಳಿ ಮಾತ್ರ ಅದಕ್ಕೆ ತಡೆಯದು. ಡಿಸೆಂಬರಿನಲ್ಲಿ ಗೋಣಿಚೀಲ ಹಾಸಿಕೊಟ್ಟೆವು, ನಮ್ಮಿಬ್ಬರು ನಿರಾಕರಿಸಿದ ಸ್ವೆಟರ್ ಈಗ ಅದರ ಮೈಮೇಲಿದೆ.

ಮೊನ್ನೆ ಸಂಕ್ರಾಂತಿಗೆ ಆ ಹಿರಿಯರು ಮತ್ತೆ ಫೋನ್ ಮಾಡಿದರು. ಈ ಭಾನುವಾರ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ನಾಯಿ ನೋಡಬೇಕಂತೆ ಎಂದರು. ಈಗ ಬೇಡ, ಪರೀಕ್ಷೆ ಮುಗಿಸಿ ಮೇ ಎರಡನೆಯ ವಾರ ಬನ್ನಿ, ಮಧ್ಯಾಹ್ನ ಮೂರು ಗಂಟೆಗೆ ಎಂದು ಹೇಳಿದ್ದೇನೆ. ಮಜ್ಜಿಗೆ ಮಾಡಿಸಿಡುತ್ತೇನೆ.