ಹಳೆಯ ಕಡತವೂ ಹೊಸ ತಂತ್ರಾಂಶವೂ

ಸಂಸಾರಿಗೆ ಲೆಕ್ಕವೆಂಬುದು ಅನ್ನದಷ್ಟೇ ಅಗತ್ಯವಾದುದು. ಹಿಂದೆ ನಮ್ಮ ನಾಡಿನಲ್ಲಿ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಕಡತವೆಂಬ ಆ ಹೆಸರೇ ಇಂದು ಗಣಕಯಂತ್ರದೊಳಗಿನ ಫೈಲಿಗೂ ಸಂದಿದೆ. ಬಟ್ಟೆಯ ಕಡತವನ್ನೋದಲು ಕಣ್ಣೂ ಅಕ್ಷರಜ್ಞಾನವೂ ಇದ್ದರೆ ಸಾಕಾಗಿತ್ತು; ಗಣಕದ ಕಡತಕ್ಕಾದರೋ ಅದನ್ನು ಬಲ್ಲ ತಂತ್ರಾಂಶವೂ ಬೇಕು. ತಂತ್ರಾಂಶವು ಬದಲಾದಾಗ ಕಡತದ ಗತಿಯೇನೆಂಬುದನ್ನು ಈ ತಿಂಗಳು ವಿಚಾರಿಸೋಣ.

ಕೃಷ್ಣರಾಜನಗರದ ಬಳಿಯ ಹೊಸ ಅಗ್ರಹಾರದ ಕಡೆಯ ಗೃಹಸ್ಥರೊಬ್ಬರು ಬತ್ತದ ಮಾರಾಟ, ಆಳುಗಳ ಕೂಲಿ, ಕೈಸಾಲ ಇವೆಲ್ಲವನ್ನೂ ಬಹುಕಾಲದಿಂದ ಎಕ್ಸೆಲ್ ಹಾಳೆಯಲ್ಲಿ 'ನುಡಿ' ಅಕ್ಷರಗಳಿಂದ ಬರೆದಿಟ್ಟಿದ್ದರು. ಮಗನು ಹೊಸ ಯಂತ್ರವನ್ನೂ ಹೊಸ ಎಕ್ಸೆಲನ್ನೂ ತಂದುಕೊಟ್ಟನು. ಕಡತವನ್ನು ತೆರೆಯಲಾಗಿ ಮೊತ್ತಗಳು ಇದ್ದಂತೆಯೇ ಇದ್ದುವು. ಹೆಸರುಗಳಿರಬೇಕಾದೆಡೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ತುಂಬಿದ್ದುವು. ಬರಬೇಕಾದ ಹಣವಿದೆ, ಕೊಡತಕ್ಕವರ ಹೆಸರಿಲ್ಲ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರನೆಂಬ ಗಾದೆಯು ಹೀಗೂ ನಿಜವಾಗಬಹುದಷ್ಟೆ.

ವಾಸ್ತವವಾಗಿ ಅಲ್ಲಿ ಏನೂ ನಷ್ಟವಾಗಿರಲಿಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ನಮ್ಮ ಕಣ್ಣಿಗೆ ಕನ್ನಡ. ಯಂತ್ರದ ನೆನಪಿಗೆ ಮಾತ್ರ ಇಂಗ್ಲಿಷಿನ ಸಂಕೇತ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷವು ಕಳಚಿಬೀಳುವುದು. ಯೂನಿಕೋಡಿನಲ್ಲಾದರೋ ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳುಂಟು. ಹಳೆಯ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದೊಡನೆ ಆ ಗೃಹಸ್ಥರ ಹೆಸರುಗಳೆಲ್ಲವೂ ಮರಳಿ ಕಾಣಿಸಿದುವು. ಗಾಬರಿಯಿಂದ ಕಡತವನ್ನು ಅಳಿಸಿದ್ದರೆ ಮಾತ್ರ ಕೇಡಾಗುತ್ತಿತ್ತು.

ಎರಡನೆಯ ತೊಡಕು ಕಡತದ ರೂಪದ್ದು. ಎಕ್ಸೆಲ್ 2007ರಲ್ಲಿ ಎಕ್ಸ್‌ಎಲ್‌ಎಸ್ ಎಂಬ ಹಳೆಯ ರೂಪದ ಬದಲಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬುದು ವಾಡಿಕೆಯ ರೂಪವಾಯಿತು. ಹಳೆಯದರ ಹಾಳೆಯೊಂದರಲ್ಲಿ 65,536 ಸಾಲುಗಳಿಗೆ ಮಾತ್ರ ಎಡೆ, ಹೊಸದರಲ್ಲಿ 10,48,576. ಹೊಸ ತಂತ್ರಾಂಶವು ಹಳೆಯ ಕಡತವನ್ನು ಓದಬಲ್ಲುದು. ಆದರೆ ಹೊಸದನ್ನು ಹಳೆಯದರಲ್ಲಿ ತುರುಕಿದರೆ ಮಿಕ್ಕುದು ಹೊರಗುಳಿಯುವುದು. ಇದು ಸಣ್ಣ ಮಾತಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಸೋಂಕಿತರ ಪಟ್ಟಿಯನ್ನು ಹಳೆಯ ರೂಪದಲ್ಲಿ ತೆಗೆದುಕೊಂಡ ಕಾರಣ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಮಂದಿಯ ವಿವರವು ದಿನದಿನದ ಲೆಕ್ಕದಿಂದ ಬಿಟ್ಟುಹೋಯಿತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ನಮ್ಮ ಮೈಸೂರಿನಲ್ಲಿಯೇ ಒಂದು ಮೇಲ್ಪಂಕ್ತಿಯುಂಟು. ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ತಾಳೆಗರಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪರಿಶೋಧಿಸಿ 1909ರಲ್ಲಿ ಅಚ್ಚುಮಾಡಿಸಿದರು. ಲಿಪಿ ಬದಲಾಯಿತು, ಗ್ರಂಥವು ಲೋಕಕ್ಕೆಲ್ಲ ದೊರೆಯಿತು. ಆದರೆ ಅಚ್ಚಾಯಿತೆಂದು ಮೂಲದ ಓಲೆಗಳನ್ನು ಯಾರೂ ಒಲೆಗೆ ಹಾಕಲಿಲ್ಲ. ರೂಪಾಂತರವೆಂಬುದು ಪ್ರತಿಯ ಮೇಲೆ ನಡೆಯಬೇಕು, ಮೂಲದ ಮೇಲಲ್ಲ.

ಆದಕಾರಣ ಗೃಹಸ್ಥರು ಮೊದಲು ಹಳೆಯ ಕಡತವನ್ನೂ ಹಳೆಯ ಫಾಂಟನ್ನೂ ಒಂದು ಪೆನ್‌ಡ್ರೈವಿನಲ್ಲಿ ತೆಗೆದಿಡಬೇಕು. ಬಳಿಕ ಪ್ರತಿಯೊಂದನ್ನು ತೆರೆದು ಹೊಸ ರೂಪದಲ್ಲಿ ಬೇರೆ ಹೆಸರಿನಿಂದ ಉಳಿಸಬೇಕು. ಕಡತದಲ್ಲಿ ಮ್ಯಾಕ್ರೋ ಇದ್ದರೆ ಎಕ್ಸ್‌ಎಲ್‌ಎಸ್‌ಎಮ್ ಎಂಬ ರೂಪವನ್ನೇ ಆರಿಸತಕ್ಕದ್ದು. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಮ್ಯಾಕ್ರೋ ಉಳಿಯದು. ಕನ್ನಡವನ್ನು ಯೂನಿಕೋಡಿಗೆ ತರಲು ನುಡಿ, ಬರಹಗಳೊಡನೆಯೇ ಪರಿವರ್ತಕಗಳುಂಟು. ಫಾಂಟಿನ ಹೆಸರನ್ನಷ್ಟೇ ಬದಲಿಸಿದರೆ ಪರಿವರ್ತನೆಯಾಗದು. ಇಡೀ ಹಾಳೆಯನ್ನು ಒಮ್ಮೆಗೇ ಪರಿವರ್ತಕಕ್ಕೆ ಕೊಡಲೂಬಾರದು: ನಿಜವಾದ ಇಂಗ್ಲಿಷ್ ಪದಗಳು ಕೆಡುವುವು, ಅಂಕಿಗಳು ಕನ್ನಡ ಅಂಕಿಗಳಾಗಿ ಮಾರ್ಪಟ್ಟರೆ ತಂತ್ರಾಂಶವು ಅವನ್ನು ಬರಿಯ ಬರಹವೆಂದೆಣಿಸಿ ಮೊತ್ತದಿಂದ ಬಿಟ್ಟುಬಿಡಬಹುದು. ಹೆಸರಿನ ಸಾಲುಗಳನ್ನಷ್ಟೇ ಪರಿವರ್ತಿಸಿ, ಸಂಖ್ಯೆಯ ಸಾಲುಗಳನ್ನು ಮುಟ್ಟದಿರುವುದು ಕ್ಷೇಮ.

ಕಡೆಗೆ ಹಳೆಯದನ್ನೂ ಹೊಸದನ್ನೂ ಎದುರೆದುರಿಗಿಟ್ಟು ಮೂರನ್ನು ತಾಳೆ ನೋಡಬೇಕು: ಸಾಲುಗಳ ಎಣಿಕೆ, ಪ್ರತಿಯೊಂದು ಹಾಳೆಯ ಒಟ್ಟು ಮೊತ್ತ, ಅಲ್ಲಲ್ಲಿ ಆರಿಸಿದ ಹತ್ತಾರು ಹೆಸರುಗಳು. ಒತ್ತಕ್ಷರವೂ ಅರ್ಕಾವತ್ತೂ ಇರುವ ಹೆಸರುಗಳನ್ನೇ ಮುಖ್ಯವಾಗಿ ನೋಡಿರಿ. ಪರಿವರ್ತಕವು ಎಡವುವುದು ಸಾಮಾನ್ಯವಾಗಿ ಅಲ್ಲಿಯೇ. ಸಹಕಾರ ಸಂಘಕ್ಕೋ ಬ್ಯಾಂಕಿಗೋ ಕಡತವನ್ನು ಕಳುಹಿಸುವವರು ಅಲ್ಲಿ ಯಾವ ರೂಪವನ್ನು ತೆರೆಯಬಲ್ಲರೆಂದು ಮುಂಚೆಯೇ ಕೇಳಿಕೊಳ್ಳಲಿ. ಹೊಸ ಎಕ್ಸೆಲಿಗೆ ಹಣವಿಲ್ಲದವರು ಕ್ರಯವಿಲ್ಲದೆ ದೊರೆಯುವ ಲಿಬ್ರೆಆಫೀಸಿನಲ್ಲಿ ಎರಡು ರೂಪಗಳನ್ನೂ ತೆರೆಯಬಹುದು.

ಸಾಲಕೊಟ್ಟವರ, ಸಾಲ ತಂದವರ ಹೆಸರುಗಳಿರುವ ಹಾಳೆಗಳನ್ನಾದರೂ ವರ್ಷಕ್ಕೊಮ್ಮೆ ಕಾಗದದ ಮೇಲೆ ಅಚ್ಚು ತೆಗೆದು ಪೆಟ್ಟಿಗೆಯಲ್ಲಿಡಿರೆಂದು ನಾವು ಹೇಳುವೆವು. ಅದನ್ನೋದಲು ಯಾವ ತಂತ್ರಾಂಶವೂ ಬೇಡ.