ಹಾರೈಕಿ ತಿದ್ದಬ್ಯಾಡ್ರಿ

ಅಕ್ಕಂದಿರಾ, ಇವತ್ತ ಅಡಿಗಿ ಮಾತು ಬಿಟ್ಟು ಜಗಳದ ಮಾತು ಬರೀತೇನಿ.

ಇಲ್ಲೆ ಟೆಕ್ಸಾಸಿನ್ಯಾಗ ನಮ್ಮ ಬಾಜೂ ಮನಿ ಅಜ್ಜಿ ಮೆಕ್ಸಿಕೋದ ಹಳ್ಳಿಯವರು. ಮೊನ್ನೆ ಮಗಳ ಹುಟ್ಟುಹಬ್ಬಕ್ಕ ಬಂದು, ತಲಿ ಮ್ಯಾಲೆ ಕೈ ಇಟ್ಟು, ‘ಕೆ ಆಯ್ಗಾ ಸಲೂದ್’ ಅಂದ್ರು. ‘ಆರೋಗ್ಯ ಇರ್ಲಿ’ ಅಂತ ಅರ್ಥ. ಸಾಲ್ಯಾಗ ಸ್ಪ್ಯಾನಿಶ್ ಕಲೀಲಿಕ್ಕತ್ತಿರೋ ನನ್ನ ಮಗಳು ತಟ್ಟನೆ, ‘ಆಯ್ಗಾ ಅಲ್ಲ, ಆಯಾ ಅನ್ನಬೇಕು’ ಅಂದ್ಳು. ಅಜ್ಜಿ ನಕ್ಕರು ಖರೆ, ಆದ್ರ ಹೋಗೋ ತನಕ ಮತ್ತ ಬಾಯಿ ಬಿಡಲಿಲ್ಲ.

ಮಗಳ ಪುಸ್ತಕ ತಪ್ಪಲ್ಲ. ‘ಅಬೇರ್’ ಅನ್ನೋ ಕ್ರಿಯಾಪದ ಆಶೆ, ಅನುಮಾನ, ಹಾರೈಕಿ ಹೇಳೋವಾಗ ‘ಆಯಾ’ ಆಗ್ತದ, ನಮ್ಮ ‘ಇರ್ಲಿ’ ಇದ್ದಂಗ. ಅದು ಶಿಷ್ಟ ರೂಪ. ಪರೀಕ್ಷಾದಾಗ ಅದನ್ನ ಬರೀಬೇಕು. ಆದ್ರ ‘ಆಯ್ಗಾ’ ಅನ್ನೋರಿಗೆ ಭಾಷಾನೇ ಬರಂಗಿಲ್ಲ ಅನ್ನೋದನ್ನ ನಾ ಒಪ್ಪಂಗಿಲ್ಲ.

ಯಾಕ ಅಂತ ಕೇಳ್ರಿ. ‘ಬೀಳ್ಲಿ’ ಅನ್ನಲಿಕ್ಕೆ ‘ಕಾಯ್ಗಾ’, ‘ತರ್ಲಿ’ ಅನ್ನಲಿಕ್ಕೆ ‘ತ್ರಾಯ್ಗಾ’. ಇವೆರಡೂ ಪುಸ್ತಕದಾಗ ಸರಿ. ಹಳೇ ಸ್ಪ್ಯಾನಿಶಿನ್ಯಾಗ ಇವೂ ‘ಕಾಯಾ’, ‘ತ್ರಾಯಾ’ ಇದ್ವು. ಜನರ ಬಾಯಾಗ ನಡುವ ‘ಗ’ ಸೇರಿತು, ಕಲಿತವರೂ ಒಪ್ಪಿದ್ರು. ‘ಆಯ್ಗಾ’ದಾಗ ಸೇರಿದ್ದೂ ಅದೇ ‘ಗ’. ಮೂರು ಮಂದಿ ಅಕ್ಕತಂಗೇರೊಳಗ ಇಬ್ಬರನ್ನ ಒಳಗ ಕರದು ಒಬ್ಬಾಕಿನ್ನ ಅಂಗಳದಾಗ ನಿಲ್ಲಿಸಿದಂಗಾತು.

ಸ್ಪೇನಿನ್ಯಾಗಂತೂ ಡೌಲಿನ ದೊಡ್ಡ ಕಾರಿಗೇ ‘ಆಯ್ಗಾ’ ಅಂತ ಹೆಸರಿಟ್ರು. ಹೊಸಾ ಶ್ರೀಮಂತರು ಅಂಗಡ್ಯಾಗ ‘ಇರೋದ್ರಾಗ ದೊಡ್ಡದು ಕೊಡ್ರಿ’ ಅನ್ನೋವಾಗ ಹಳ್ಳಿ ರೂಪ ಬಳಸ್ತಾರ ಅಂತ ಚ್ಯಾಷ್ಟಿ ಮಾಡಿದ್ದದು. ಆ ಕಾರಿನ ಹೆಸರಿಗೆ ರಿಯಲ್ ಅಕಾಡೆಮಿಯ ನಿಘಂಟಿನ್ಯಾಗ ಜಾಗಾ ಸಿಕ್ಕದ. ನಗಲಿಕ್ಕೆ ಬೇಕಾದ್ರ ಒಳಗ ಬಾ, ಹರಸಲಿಕ್ಕೆ ಬಂದ್ರ ಹೊರಗ ನಿಂದ್ರು! ಇದ್ಯಾವ ನ್ಯಾಯ?

ನಾ ಬೆಂಗಳೂರಾಗಿದ್ದಾಗ ‘ಹೋಗೂಣು’ ಅಂದಿದ್ದಕ್ಕ ಬೆನ್ನ ಹಿಂದ ನಕ್ಕದ್ದು ಇನ್ನೂ ನೆನಪದ. ನಿಮಗೂ ಹಿಂಗ ಆಗಿರ್ತದ. ಅವತ್ತಿಂದ ಎಷ್ಟು ದಿವಸ ನಾ ನಾಲ್ಕು ಮಂದಿ ಮುಂದ ಮಾತು ತೂಗಿ ಆಡಿದೆ! ಅದನ್ನೇ ನನ್ನ ಮಗಳು ಇನ್ನೊಬ್ಬರಿಗೆ ಮಾಡಿದ್ಳಲ್ಲಾ ಅಂತ ಹೊಟ್ಟ್ಯಾಗ ಕಲಸಿದಂಗಾತು.

ಮಗಳಿಗೆ ಹೇಳೇನಿ: ಪರೀಕ್ಷಾದಾಗ ‘ಆಯಾ’ ಬರಿ. ಹಿರಿಯರು ಹರಸೋವಾಗ ತಲಿ ಬಗ್ಗಿಸು, ವ್ಯಾಕರಣ ತಗೀಬ್ಯಾಡ. ನಾಳೆ ಹೋಳಿಗಿ ಮಾಡಾಕಿ ಇದ್ದೇನಿ. ಅಜ್ಜಿಗೆ ಕೊಟ್ಟು ಬರಲಿಕ್ಕೆ ಅಕಿನ್ನೇ ಕಳಸ್ತೇನಿ.