ಗಣಕಯಂತ್ರಕ್ಕೂ ರೋಗನಿದಾನ ಬೇಕು

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಕಾವೇರಿಯ ನೀರನ್ನು ಪಂಪುಗಳಿಂದ ಎತ್ತಿ ಮೈಸೂರು ನಗರಕ್ಕೆ ಕಳುಹಿಸುವ ವ್ಯವಸ್ಥೆಯಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯ. ಮೈಸೂರಿನ ಒಂದು ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಆ ಮನೆಯವರು ಒಡನೆಯೇ ನಲ್ಲಿಯನ್ನು ಕಿತ್ತುಹಾಕುವುದಿಲ್ಲ. ನೆರೆಮನೆಯಲ್ಲಿ ನೀರು ಬರುತ್ತಿದೆಯೇ ಎಂದು ಮೊದಲು ವಿಚಾರಿಸುತ್ತಾರೆ. ಅಲ್ಲಿಯೂ ಇಲ್ಲವೆಂದಾದರೆ ದೋಷವು ಬೀದಿಯ ಕೊಳವೆಯಲ್ಲೋ ತೊಟ್ಟಿಯಲ್ಲೋ ಪಂಪಿನಲ್ಲೋ ಇರತಕ್ಕದ್ದು. ಒಂದೇ ಪ್ರಶ್ನೆಯಿಂದ ಅರ್ಧ ಸಂಶಯ ಪರಿಹಾರವಾಯಿತು. ಇಷ್ಟು ಸರಳವಾದ ವಿವೇಕವು ಮನೆಯ ಕಂಪ್ಯೂಟರ್ ಕೆಟ್ಟು ನಿಂತಾಗ ಮಾತ್ರ ಜನರಿಗೆ ಏಕೆ ಒದಗಬಾರದು?

ಇಂದು ಹಳ್ಳಿಯ ಮನೆಗಳಲ್ಲಿಯೂ ಮಕ್ಕಳ ಪಾಠ, ಕೆಲಸಕ್ಕೆ ಹಾಕುವ ಅರ್ಜಿ, ಅಂಗಡಿಯ ಲೆಕ್ಕ, ಮದುವೆ ಮುಂಜಿಗಳ ಚಿತ್ರ, ಎಲ್ಲವೂ ಈ ಪೆಟ್ಟಿಗೆಯೊಳಗೆ ಸೇರಿವೆ. ಅದು ನಡುವೆ ಸ್ತಬ್ಧವಾಗಿ, ಮತ್ತೆ ಏಳದೆ ಹೋದಾಗ ಸಾಮಾನ್ಯವಾಗಿ ಕೇಳಿಬರುವ ಸಲಹೆಗಳು ಎರಡೇ: ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು ಒಂದು, ‘ಹಳೆಯದಾಯಿತು, ಹೊಸದು ಕೊಳ್ಳಿ’ ಎಂಬುದು ಇನ್ನೊಂದು. ಮೊದಲನೆಯದು ಮನೆಯ ನೆನಪುಗಳನ್ನು ನುಂಗಬಲ್ಲದು. ಎರಡನೆಯದು ಹಣವನ್ನು ನುಂಗುತ್ತದೆ. ಇವೆರಡೂ ನಾಡಿ ನೋಡುವುದಕ್ಕೆ ಮುಂಚೆಯೇ ಕೊಟ್ಟ ಔಷಧಿಗಳೆಂಬುದು ನಮ್ಮ ಅಭಿಪ್ರಾಯ.

ಕಂಪ್ಯೂಟರ್ ಏಳುವುದು ಒಂದು ಗೊತ್ತಾದ ಕ್ರಮದಲ್ಲಿ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯು 12, 5 ಮತ್ತು 3.3 ವೋಲ್ಟುಗಳ ಏಕಮುಖ ಪ್ರವಾಹವಾಗಿ ಮಾರ್ಪಡಿಸುತ್ತದೆ. ಈ ವೋಲ್ಟುಗಳು ಸ್ಥಿರವಾದ ಮೇಲೆ, ಎಂದರೆ ಅರ್ಧ ಸೆಕೆಂಡಿನೊಳಗೆ, ಅದು ‘ಎಲ್ಲವೂ ಸರಿಯಿದೆ’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್ ಕೆಲಸಕ್ಕೆ ತೊಡಗುವಂತಿಲ್ಲ. ಬಳಿಕ ಯಂತ್ರವು ತನ್ನ ಸ್ಮೃತಿಯಾದ ರ್ಯಾಮನ್ನೂ ಇತರ ಅಂಗಗಳನ್ನೂ ತಾನೇ ಪರೀಕ್ಷಿಸಿಕೊಂಡು, ಕೊನೆಗೆ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಮೊದಲಾದ ಕಾರ್ಯವ್ಯವಸ್ಥೆಯನ್ನು ಓದಿಕೊಳ್ಳುತ್ತದೆ. ಯಾವ ಮೆಟ್ಟಿಲಿನಲ್ಲಿ ಅದು ಎಡವಿತೆಂದು ಗುರುತಿಸುವುದೇ ರೋಗನಿದಾನ.

ದೀಪವೂ ಇಲ್ಲ, ಫ್ಯಾನೂ ತಿರುಗದು ಎಂದರೆ ಅನುಮಾನವು ವಿದ್ಯುತ್ತಿನ ದಾರಿಯ ಮೇಲೆ. ಅದೇ ಸಾಕೆಟ್ಟಿಗೆ ಒಂದು ಮೇಜುದೀಪವನ್ನು ಸಿಕ್ಕಿಸಿ ನೋಡಬೇಕು, ಯು.ಪಿ.ಎಸ್.ನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡಬೇಕು. ಫ್ಯಾನು ಒಂದು ಕ್ಷಣ ತಿರುಗಿ ನಿಂತರೆ ಎಲ್ಲೋ ಶಾರ್ಟ್ ಆಗಿ ಎಸ್.ಎಂ.ಪಿ.ಎಸ್. ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತಿರಬಹುದು. ಪ್ರಿಂಟರ್, ಪೆನ್‌ಡ್ರೈವ್ ಮುಂತಾದವನ್ನು ತೆಗೆದು ಮತ್ತೆ ಪ್ರಯತ್ನಿಸುವುದು ಯುಕ್ತ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮಾನಿಟರಿನ ಕೇಬಲ್ಲನ್ನೂ ರ್ಯಾಮನ್ನೂ ಶಂಕಿಸಬೇಕು. ಆಗ ಕೆಲವು ಯಂತ್ರಗಳು ‘ಬೀಪ್’ ಎಂದು ಕೂಗುವುದು ಅರ್ಥವಿಲ್ಲದ ಗದ್ದಲವಲ್ಲ. ಎಷ್ಟು ಸಲ ಕೂಗಿತೆಂಬುದೇ ಅದರ ದೂರು. ಹೆಸರಿನ ಚಿತ್ರ ಮೂಡಿದ ಮೇಲೆ ನಿಂತರೆ ದೋಷವು ಹಾರ್ಡ್ ಡಿಸ್ಕಿನಲ್ಲೋ ಕಡತಗಳಲ್ಲೋ ಇರಬಹುದು, ಅಥವಾ ಮರೆತು ಬಿಟ್ಟ ಪೆನ್‌ಡ್ರೈವೇ ದಾರಿ ತಪ್ಪಿಸಿರಬಹುದು. ಡಿಸ್ಕು ‘ಟಿಕ್ ಟಿಕ್’ ಎಂದು ಬಡಿದುಕೊಳ್ಳುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಬಾರದು. ಗಡಿಯಾರವು ಪ್ರತಿದಿನವೂ ಹಳೆಯ ತಾರೀಖಿಗೆ ಹೋಗುತ್ತಿದ್ದರೆ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬೇಕು. ಹತ್ತು ನಿಮಿಷ ಸರಿಯಾಗಿ ನಡೆದು ನಿಂತು, ತಣ್ಣಗಾದ ಮೇಲೆ ಮತ್ತೆ ಏಳುವುದಾದರೆ ಧೂಳು ಮತ್ತು ಶಾಖವೇ ಕಾರಣವೆಂದು ಊಹಿಸಬಹುದು.

ಇಲ್ಲೊಂದು ಎಚ್ಚರಿಕೆ. ಪೆಟ್ಟಿಗೆಯ ಮುಚ್ಚಳ ತೆಗೆಯುವ ಮುನ್ನ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ಎಸ್.ಎಂ.ಪಿ.ಎಸ್.ನ್ನಂತೂ ಮನೆಯಲ್ಲಿ ಯಾರೂ ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರುಗಳು ತಂತಿ ಕಿತ್ತ ಮೇಲೂ 300 ವೋಲ್ಟಿಗೆ ಮೀರಿದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು.

‘ಇದೆಲ್ಲ ತಜ್ಞರ ಕೆಲಸ, ಮೈಸೂರು ಹತ್ತಿರದಲ್ಲೇ ಇದೆ, ಅಂಗಡಿಗೆ ಒಯ್ದರಾಯಿತು’ ಎಂದು ಕೆಲವರು ಆಕ್ಷೇಪಿಸಬಹುದು. ರಿಪೇರಿಯನ್ನು ತಜ್ಞರಿಗೆ ಬಿಡುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಗಮನಿಸುವುದಕ್ಕೆ ಸ್ಕ್ರೂಡ್ರೈವರ್ ಬೇಕಾಗಿಲ್ಲ. ಕಣ್ಣು, ಕಿವಿ ಮತ್ತು ಒಂದು ನೋಟುಪುಸ್ತಕ ಸಾಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತನು ಪಂಪ್‌ಸೆಟ್ಟು ಓಡದಿದ್ದಾಗ ಮೋಟಾರನ್ನೇ ಬದಲಾಯಿಸಲು ಹೊರಡುವುದಿಲ್ಲ. ಮೂರು ಫೇಸೂ ಬರುತ್ತಿದೆಯೇ, ಫ್ಯೂಸು ಹೋಗಿದೆಯೇ, ಸ್ಟಾರ್ಟರ್ ಎಳೆಯುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಒಂದು ಫೇಸು ತಪ್ಪಿದರೆ ಮೋಟಾರು ಗುಂಯ್‌ಗುಟ್ಟುವುದನ್ನು ಅವನ ಕಿವಿ ಬಲ್ಲದು. ಇದೇ ಬುದ್ಧಿಯನ್ನು ಮನೆಯೊಳಗಿನ ಯಂತ್ರಕ್ಕೂ ಅನ್ವಯಿಸಿದರೆ ಸಾಕು. ಏನಾಯಿತೆಂದು ಸ್ಪಷ್ಟವಾಗಿ ಹೇಳಬಲ್ಲ ಗಿರಾಕಿಗೆ ಅನಾವಶ್ಯಕವಾದ ಬಿಡಿಭಾಗವನ್ನು ಮಾರುವುದೂ ಕಷ್ಟ.

ಲೋಕದ ಅನುಭವವೂ ಇದನ್ನೇ ಸಾರುತ್ತದೆ. 2024ನೆಯ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಸಾಫ್ಟ್‌ವೇರಿಗೆ ಬಂದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುಬಿದ್ದವು. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಆದರೆ ಆ ಯಂತ್ರಗಳ ಒಂದು ಅಂಗವೂ ಸುಟ್ಟಿರಲಿಲ್ಲ. ‘ಸೇಫ್ ಮೋಡ್’ ಎಂಬ ಮಿತ ಕ್ರಮದಲ್ಲಿ ಯಂತ್ರವನ್ನು ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದೇ ಮುಖ್ಯ ಪರಿಹಾರವಾಗಿತ್ತು. ಕಾರಣವನ್ನು ಕಂಡುಕೊಂಡವರಿಗೆ ಔಷಧ ಅಲ್ಪ. ಕಾಣದವರಿಗೆ ಯಂತ್ರವೇ ಹೊರೆ.

ಆದಕಾರಣ ನಾವು ಸೂಚಿಸುವುದು ಇಷ್ಟು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಮೇಲೆ ಹೇಳಿದ ಕ್ರಮವನ್ನು ತಿಳಿಗನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಅಲ್ಲಿ ತೂಗುಹಾಕಬಹುದು. ಸುಸ್ಥಿತಿಯಲ್ಲಿರುವ ಒಂದು ರ್ಯಾಮನ್ನೂ ಒಂದು ಕೇಬಲ್ಲನ್ನೂ ಹೋಲಿಸಿ ನೋಡಲು ಇರಿಸಬಹುದು. ರಿಪೇರಿಯ ಹಕ್ಕನ್ನು ಕುರಿತು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ಸಮಿತಿಯೊಂದನ್ನು ನೇಮಿಸಿತು. ಯಂತ್ರದ ಸಂಕೇತಗಳ ಅರ್ಥವನ್ನು ಕೊಳ್ಳುವವರ ನುಡಿಯಲ್ಲಿಯೇ ತಯಾರಕರು ಒದಗಿಸಬೇಕೆಂಬುದೂ ಆ ಹಕ್ಕಿನ ಭಾಗವಾಗಬೇಕು. ಇವೆಲ್ಲಕ್ಕೂ ಮುಂಚೆ, ಯಂತ್ರ ಸರಿಯಾಗಿರುವಾಗಲೇ ಮುಖ್ಯವಾದ ಕಡತಗಳ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಪ್ರತಿ ಗೃಹಸ್ಥನ ಕರ್ತವ್ಯ. ಕೆಟ್ಟ ಯಂತ್ರಕ್ಕೆ ಅಂಗಡಿಯಲ್ಲಿ ಬೆಲೆಯಿದೆ. ಕಳೆದುಹೋದ ಅಕ್ಷರಗಳನ್ನೂ ಚಿತ್ರಗಳನ್ನೂ ಮಾರುವ ಅಂಗಡಿ ಎಲ್ಲಿಯೂ ಇಲ್ಲ.